ಹೆಸರು ಅಳಿಸಿದರೆ ಹೊಣೆಯೂ ಅಳಿಯಿತೇ? ರಾಯಚೂರಿನ ಸಂಸದರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸಂಸದರಿಗೆ,

ನಮಸ್ಕಾರ. ಕೇಂದ್ರ ಕೃಷಿ ಸಚಿವಾಲಯ 2025ರ ನವೆಂಬರ್‌ನಲ್ಲಿ ಹೊಸ ಬೀಜ ಮಸೂದೆಯ ಕರಡನ್ನು ಜನರ ಮುಂದಿಟ್ಟಿತು. ಅದಕ್ಕೂ ಮೊದಲು, 2024ರ ಜುಲೈನಲ್ಲಿ, ಕುಲಾಂತರಿ (ಬೇರೆ ಜೀವಿಯ ಗುಣ ಸೇರಿಸಿದ) ಸಾಸಿವೆಯ ಪ್ರಕರಣ ಸುಪ್ರೀಂ ಕೋರ್ಟಿನಲ್ಲಿ ತೀರ್ಪಿಗೆ ಬಂದಿತ್ತು. ನ್ಯಾಯಮೂರ್ತಿಗಳಾದ ಸಂಜಯ್ ಕರೋಲ್ ಮತ್ತು ನಮ್ಮ ನಾಡಿನವರೇ ಆದ ಬಿ.ವಿ. ನಾಗರತ್ನ ಸಾಸಿವೆಯ ವಿಚಾರದಲ್ಲಿ ಭಿನ್ನ ತೀರ್ಪು ಕೊಟ್ಟರು. ಆದರೆ ಕುಲಾಂತರಿ ಬೆಳೆಗಳ ಬಗ್ಗೆ ರಾಷ್ಟ್ರೀಯ ನೀತಿಯೊಂದು ಬೇಕೇ ಬೇಕು ಎಂಬುದನ್ನು ಇಬ್ಬರೂ ಹೇಳಿದರು. ಕಾನೂನು, ನೀತಿ ಎರಡರ ಮಾತೂ ನಡೆದಿರುವಾಗ ನೀವು ದೆಹಲಿಯಲ್ಲಿ ನಮ್ಮ ಪರವಾಗಿ ಒಂದು ಪ್ರಶ್ನೆ ಎತ್ತಬೇಕು. ಬೀಜದೊಳಗಿನ ತಂತ್ರಜ್ಞಾನಕ್ಕೆಂದು ರೈತನಿಂದ ಹಣ ಎಣಿಸಿಕೊಂಡವರು, ಅದು ಕೈಕೊಟ್ಟಾಗ ಏನು ಕೊಡಬೇಕು? ಅಷ್ಟರಲ್ಲಿ ಆ ಕಂಪನಿಯೇ ಕೈ ಬದಲಾಗಿ ಹೆಸರೇ ಇಲ್ಲವಾಗಿದ್ದರೆ ನಾವು ಯಾರ ಬಾಗಿಲು ತಟ್ಟಬೇಕು?

ಈ ಪ್ರಶ್ನೆ ಎಷ್ಟು ಗಟ್ಟಿಯಾದದ್ದೆಂದು ತಿಳಿಯಲು, ಹುಳು ತಡೆಯಲೆಂದು ಕುಲಾಂತರಗೊಳಿಸಿದ ಬಿಟಿ ಹತ್ತಿಯ ತಂತ್ರಜ್ಞಾನವನ್ನು ನಮಗೆ ಕೊಟ್ಟ ಮಾನ್ಸಾಂಟೊ ನಡೆದು ಬಂದ ದಾರಿಯೊಂದನ್ನು ನೋಡಿದರೆ ಸಾಕು. 1901ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ ಜಾನ್ ಫ್ರಾನ್ಸಿಸ್ ಕ್ವೀನಿ ಎಂಬುವರು ತಮ್ಮ ಹೆಂಡತಿಯ ತವರುಮನೆಯ ಹೆಸರಿಟ್ಟು ಶುರುಮಾಡಿದ ಕಂಪನಿ ಅದು. ಮೊದಲು ತಯಾರಿಸಿದ್ದು ಸ್ಯಾಕರಿನ್. ಬೀಜಕ್ಕೂ ಅದಕ್ಕೂ ಆಗ ಯಾವ ಸಂಬಂಧವೂ ಇರಲಿಲ್ಲ. 1935ರಲ್ಲಿ ಅಲಬಾಮಾ ರಾಜ್ಯದ ಆ್ಯನಿಸ್ಟನ್ ಪಟ್ಟಣದ ಕಾರ್ಖಾನೆ ಅದರ ಕೈಗೆ ಬಂತು. ಅಲ್ಲಿ ತಯಾರಾಗುತ್ತಿದ್ದದ್ದು ಪಿಸಿಬಿ, ಅಂದರೆ ವಿದ್ಯುತ್ ಟ್ರಾನ್ಸ್‌ಫಾರ್ಮರ್‌ಗಳಿಗೆ ತುಂಬುವ ರಾಸಾಯನಿಕ. ಕಾರ್ಖಾನೆಯ ಕೊಳೆ ಪಕ್ಕದ ಹಳ್ಳಗಳಿಗೆ ಹರಿಯಿತು. ಸುತ್ತ ಇದ್ದವರು ಹೆಚ್ಚಾಗಿ ಬಡ ಕಪ್ಪು ಜನ. 1966ರಲ್ಲಿ ಕಂಪನಿಗಾಗಿ ಪರೀಕ್ಷೆ ನಡೆಸಿದ ವಿಜ್ಞಾನಿಗಳು ಆ ಹಳ್ಳದ ನೀರಿಗೆ ಮೀನು ಬಿಟ್ಟರೆ ಅವು ಕ್ಷಣಗಳಲ್ಲೇ ಹೊಟ್ಟೆ ಮೇಲಾಗಿ ತೇಲಿದವು. ಊರಿನವರಿಗೆ ಈ ವಿಷಯ ಹೇಳಲಿಲ್ಲ. ದಶಕಗಳ ನಂತರ ನ್ಯಾಯಾಲಯದಲ್ಲಿ ಕಂಪನಿಯ ಒಳಪತ್ರಗಳು ಹೊರಬಿದ್ದಾಗಲೇ ಇದೆಲ್ಲ ಲೋಕಕ್ಕೆ ಗೊತ್ತಾದದ್ದು.

ಮುಂದೆ ನಡೆದದ್ದನ್ನು ದಯವಿಟ್ಟು ನಿಧಾನವಾಗಿ ಓದಿ. 1997ರಲ್ಲಿ ಮಾನ್ಸಾಂಟೊ ತನ್ನ ರಾಸಾಯನಿಕ ವ್ಯವಹಾರವನ್ನು ಬೇರ್ಪಡಿಸಿ ಸೊಲ್ಯೂಷಿಯಾ ಎಂಬ ಹೊಸ ಕಂಪನಿ ಮಾಡಿತು. ಹಳೆಯ ಮಾಲಿನ್ಯದ ಹೊರೆಯೂ ಅದರ ತಲೆಗೇ ಹೋಯಿತು. 2000ದಲ್ಲಿ ಉಳಿದ ಮಾನ್ಸಾಂಟೊ ಒಂದು ಔಷಧ ಕಂಪನಿಯ ಜೊತೆ ವಿಲೀನವಾಗಿ ಫಾರ್ಮೇಸಿಯಾ ಆಯಿತು. 2002ರಲ್ಲಿ ಅದರಿಂದ ಬೀಜ ಮತ್ತು ಕಳೆನಾಶಕದ ಭಾಗ ಮಾತ್ರ ಮತ್ತೆ ಮಾನ್ಸಾಂಟೊ ಎಂಬ ಹೆಸರಿನಲ್ಲೇ ಹೊರಬಂತು. ಆ್ಯನಿಸ್ಟನ್ ಜನರ ದಾವೆ 2003ರಲ್ಲಿ 70 ಕೋಟಿ ಡಾಲರ್‌ಗೆ ಇತ್ಯರ್ಥವಾಯಿತು. ಅದೇ ವರ್ಷದ ಕೊನೆಗೆ ಸೊಲ್ಯೂಷಿಯಾ ದಿವಾಳಿ ಅರ್ಜಿ ಹಾಕಿತು. ಲಾಭ ತರುವುದು ಒಂದು ಹೆಸರಿಗೆ, ಹೊರೆ ಇನ್ನೊಂದು ಹೆಸರಿಗೆ. ಇದು ಕಾನೂನಿಗೆ ಒಪ್ಪುವಂತೆಯೇ ನಡೆದದ್ದು ಎಂಬುದೇ ನನ್ನನ್ನು ಕಾಡುತ್ತಿರುವ ಸಂಗತಿ.

ವಿಯೆಟ್ನಾಂ ಯುದ್ಧದಲ್ಲಿ ಕಾಡಿನ ಮೇಲೆ ಸುರಿದ ಏಜೆಂಟ್ ಆರೆಂಜ್ ಎಂಬ ಎಲೆ ಉದುರಿಸುವ ವಿಷ ತಯಾರಿಸಿದ ಕಂಪನಿಗಳಲ್ಲೂ ಮಾನ್ಸಾಂಟೊ ಒಂದು. 1984ರಲ್ಲಿ ಅಮೆರಿಕದ ಮಾಜಿ ಸೈನಿಕರಿಗೆ ಏಳು ಕಂಪನಿಗಳು ಸೇರಿ 18 ಕೋಟಿ ಡಾಲರ್ ಕೊಡಲು ಒಪ್ಪಿದವು. ವಿಯೆಟ್ನಾಂ ಜನ ಹೂಡಿದ ದಾವೆಯನ್ನು ಅಮೆರಿಕದ ನ್ಯಾಯಾಲಯ 2005ರಲ್ಲಿ ವಜಾ ಮಾಡಿತು. ಬಾಧಿತರು ಯಾವ ದೇಶದವರು ಎಂಬುದರ ಮೇಲೆ ಪರಿಹಾರ ನಿಂತಿತು.

ಇನ್ನು ನಮ್ಮ ಜಿಲ್ಲೆಗೆ ಬರೋಣ. 1998ರ ನವೆಂಬರ್‌ನಲ್ಲಿ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ನೇತೃತ್ವದ ರಾಜ್ಯ ರೈತ ಸಂಘ ರಾಯಚೂರು ಜಿಲ್ಲೆಯಲ್ಲಿ ಬಿಟಿ ಹತ್ತಿಯ ಪ್ರಯೋಗದ ಬೆಳೆಯನ್ನು ಕಿತ್ತು ಸುಟ್ಟಿತು. ಹೊಲದವರಿಗೇ ಅದು ಯಾವ ಬೀಜವೆಂದು ತಿಳಿಸಿರಲಿಲ್ಲ ಎಂಬುದು ಸಂಘದ ಮುಖ್ಯ ಆರೋಪವಾಗಿತ್ತು. ಬೆಳೆ ಸುಟ್ಟದ್ದು ಸರಿಯೋ ತಪ್ಪೋ ಎಂದು ಇವತ್ತಿಗೂ ವಾದಿಸುವವರಿದ್ದಾರೆ. ಆದರೆ ಹೊಲದೊಡೆಯನಿಗೆ ತಿಳಿಸದೆ ಪ್ರಯೋಗ ಮಾಡಬಾರದು ಎಂಬ ಬೇಡಿಕೆಯಲ್ಲಿ ವಾದಕ್ಕೆ ಜಾಗವೇ ಇಲ್ಲ.

2002ರ ಮಾರ್ಚ್‌ನಲ್ಲಿ ಕರ್ನಾಟಕವೂ ಸೇರಿ ಆರು ರಾಜ್ಯಗಳಲ್ಲಿ ಬಿಟಿ ಹತ್ತಿಗೆ ಅನುಮತಿ ಸಿಕ್ಕಿತು. ನಾನು ಹತ್ತಿ ಬೆಳೆಯುವ ಮನೆಯವನು, ಇದ್ದದ್ದನ್ನು ಇದ್ದಂತೆ ಹೇಳುತ್ತೇನೆ. ಮೊದಲ ವರ್ಷಗಳಲ್ಲಿ ಹಸಿರು ಕಾಯಿಕೊರಕಕ್ಕೆ ಎಣ್ಣೆ (ಕೀಟನಾಶಕ) ಹೊಡೆಯುವುದು ಕಡಿಮೆಯಾಯಿತು. ಎರೆ ಭೂಮಿಯ ರೈತರು ಆ ಬೀಜವನ್ನು ಮರುಳಾಗಿ ಕೊಂಡದ್ದಲ್ಲ, ಕಣ್ಣಾರೆ ಕಂಡು ಕೊಂಡದ್ದು. ಬೆಲೆ ಮಾತ್ರ ಕೈ ಸುಡುತ್ತಿತ್ತು. 450 ಗ್ರಾಂ ಪಾಕೀಟಿಗೆ 1,600 ರೂಪಾಯಿಗೂ ಮೇಲೆ, ಅದರಲ್ಲಿ ಹೆಚ್ಚಿನ ಪಾಲು ತಂತ್ರಜ್ಞಾನದ ರಾಯಧನ. ಆಂಧ್ರಪ್ರದೇಶ ಸರ್ಕಾರ ಏಕಸ್ವಾಮ್ಯ ತಡೆ ಆಯೋಗದ ಮೆಟ್ಟಿಲೇರಿದ ಮೇಲೆ, 2006ರಲ್ಲಿ ಬೆಲೆ 750 ರೂಪಾಯಿಗೆ ಇಳಿಯಿತು. 2016ರಿಂದ ಕೇಂದ್ರವೇ ಬೆಲೆ ನಿಗದಿ ಮಾಡತೊಡಗಿತು. ಆ ವರ್ಷ ಎರಡನೇ ತಲೆಮಾರಿನ ಬಿಟಿ ಬೀಜವಾದ ಬೋಲ್‌ಗಾರ್ಡ್-2 ಪಾಕೀಟಿಗೆ 800 ರೂಪಾಯಿ, ಅದರಲ್ಲಿ ರಾಯಧನ 49. 2020ರಲ್ಲಿ ರಾಯಧನವನ್ನು ಸೊನ್ನೆಗೆ ಇಳಿಸಲಾಯಿತು. ಸರ್ಕಾರ ಮನಸ್ಸು ಮಾಡಿದರೆ ಏನು ಸಾಧ್ಯ ಎಂಬುದಕ್ಕೆ ಇದೇ ಸಾಕ್ಷಿ.

ಆದರೆ ಹುಳು ಸುಮ್ಮನೆ ಕೂರಲಿಲ್ಲ. ಗುಜರಾತಿನ ನಾಲ್ಕು ಜಿಲ್ಲೆಗಳಲ್ಲಿ ಗುಲಾಬಿ ಕಾಯಿಕೊರಕ ಮೊದಲ ತಲೆಮಾರಿನ ಬಿಟಿ ಹತ್ತಿಯನ್ನು ಅರಗಿಸಿಕೊಳ್ಳುತ್ತಿದೆ ಎಂದು 2010ರ ಮಾರ್ಚ್‌ನಲ್ಲಿ ಮಾನ್ಸಾಂಟೊ ಕಂಪನಿಯೇ ಪ್ರಕಟಿಸಿತು. ಹೀಗಾಗಲು ಅದು ಕೊಟ್ಟ ಕಾರಣಗಳಲ್ಲಿ ಹುಳು ಬಿಟಿಗೆ ಒಗ್ಗಿಕೊಳ್ಳದಿರಲೆಂದು ಹೊಲದ ಸುತ್ತ ಹಾಕಬೇಕಾದ, ಬಿಟಿ ಅಲ್ಲದ ಆಶ್ರಯ ಬೆಳೆಯನ್ನು ರೈತರು ಸರಿಯಾಗಿ ಹಾಕಲಿಲ್ಲ ಎಂಬುದೂ ಒಂದು. ಎರಡು, ಮೂರು ಎಕರೆಯವನಿಗೆ ಹುಳುವಿಗೆಂದೇ ಸಾಲು ಬಿಡುವುದು ಎಷ್ಟು ಕಷ್ಟವೆಂದು ಬೀಜ ಮಾರುವ ಮೊದಲೇ ಯೋಚಿಸಬೇಕಾದವರು ಯಾರು? ಕೆಲವೇ ವರ್ಷಗಳಲ್ಲಿ ಬೋಲ್‌ಗಾರ್ಡ್-2 ಕೂಡ ಅದೇ ಹುಳುವಿನ ಮುಂದೆ ಸೋತಿತು. ನಮ್ಮ ಜಿಲ್ಲೆಯ ಹೊಲಗಳಲ್ಲಿ ಹೊರಗೆ ಚೆಂದ ಕಾಣುವ ಕಾಯಿ ಬಿಡಿಸಿದರೆ ಒಳಗೆ ಕಲೆ ಹಿಡಿದ ಅರಳೆ, ತಿಂದ ಬೀಜ. ಮತ್ತೆ ಎಣ್ಣೆ, ಮತ್ತೆ ಗೊಬ್ಬರದಂಗಡಿಯ ಸಾಲ. ಅಂಗಡಿಯವನು ಕಂಪನಿ ಕೇಳು ಅಂದ. ಬೀಜ ಕಂಪನಿಯವರು ಮೊಳಕೆ ಬಂದಿದೆಯಲ್ಲ, ನಮ್ಮದೇನು ತಪ್ಪು ಅಂದರು. ರಾಯಧನ ಪಡೆದವರ ವಿಳಾಸ ರೈತನಿಗೆ ಗೊತ್ತೇ ಇರಲಿಲ್ಲ.

2018ರ ಜೂನ್‌ನಲ್ಲಿ ಜರ್ಮನಿಯ ಬೇಯರ್ ಸುಮಾರು 6,300 ಕೋಟಿ ಡಾಲರ್‌ಗೆ ಮಾನ್ಸಾಂಟೊವನ್ನು ಕೊಂಡು ಆ ಹೆಸರನ್ನು ಕೈಬಿಟ್ಟಿತು. ಎರಡೇ ತಿಂಗಳಲ್ಲಿ ಕ್ಯಾಲಿಫೋರ್ನಿಯಾದ ಜ್ಯೂರಿಯೊಂದು ಮಾನ್ಸಾಂಟೊದ ಗ್ಲೈಫೊಸೇಟ್ ಕಳೆನಾಶಕ ಬಳಸಿ ಕ್ಯಾನ್ಸರ್ ಬಂತೆಂದು ದೂರಿದ್ದ ಕೆಲಸಗಾರನಿಗೆ 28.9 ಕೋಟಿ ಡಾಲರ್ ಕೊಡಬೇಕೆಂದಿತು. ಮೊತ್ತ ಆಮೇಲೆ ಇಳಿಯಿತು, ಆದರೆ 2020ರಲ್ಲಿ ಇಂಥ ಸಾವಿರಾರು ದಾವೆಗಳ ಇತ್ಯರ್ಥಕ್ಕೆ ಬೇಯರ್ 1,000 ಕೋಟಿ ಡಾಲರ್‌ಗೂ ಹೆಚ್ಚು ತೆಗೆದಿಟ್ಟಿತು. ಕ್ಯಾನ್ಸರ್ ಬರುತ್ತದೆ ಎಂಬುದನ್ನು ಬೇಯರ್ ಇಂದಿಗೂ ಒಪ್ಪುವುದಿಲ್ಲ. ಆ ವೈಜ್ಞಾನಿಕ ವಿವಾದ ಇಲ್ಲಿ ನನ್ನ ವಿಷಯವಲ್ಲ. ಕೊಂಡವರ ಬೆನ್ನಿಗೆ ಅಲ್ಲಿ ಹೊಣೆಯೂ ಬಂತು, ಅಷ್ಟೇ ನಾನು ತೋರಿಸಬೇಕಾದದ್ದು. ನಮ್ಮಲ್ಲಿ ಭೋಪಾಲ ಅನಿಲ ದುರಂತದ ಯೂನಿಯನ್ ಕಾರ್ಬೈಡ್ 2001ರಲ್ಲಿ ಡೌ ಕಂಪನಿಯ ಪಾಲಾಯಿತು. ಆ ಹೊಣೆ ತನ್ನದಲ್ಲ ಎಂದೇ ಡೌ ಹೇಳುತ್ತ ಬಂದಿದೆ. ಹೆಚ್ಚಿನ ಪರಿಹಾರಕ್ಕೆ ಕೇಂದ್ರ ಹಾಕಿದ್ದ ಅರ್ಜಿಯನ್ನೂ 2023ರಲ್ಲಿ ಸುಪ್ರೀಂ ಕೋರ್ಟ್ ತಳ್ಳಿಹಾಕಿತು.

ಹಾಗಾಗಿ ಬೀಜ ಮಸೂದೆ ಸದನಕ್ಕೆ ಬಂದಾಗ ನೀವು ಒಂದು ತಿದ್ದುಪಡಿ ತರಬೇಕು. ಕೀಟ ನಿರೋಧ, ಕಳೆನಾಶಕ ಸಹನೆ ಮುಂತಾದ ಗುಣವನ್ನು ಬೀಜಕ್ಕೆ ಸೇರಿಸಿ ಅದಕ್ಕೆ ಹಣ ಪಡೆಯುವ ಯಾರೇ ಆಗಲಿ, ಆ ಗುಣ ವಿಫಲವಾದಾಗ ಬೀಜ ಮಾರಿದವರ ಜೊತೆಗೆ ಸಮಾನ ಹೊಣೆಗಾರರಾಗಬೇಕು. ಕಂಪನಿ ಒಡೆದರೂ ವಿಲೀನವಾದರೂ ಮಾರಾಟವಾದರೂ ಆ ಹೊಣೆ ಕೊಂಡವರಿಗೆ ತಾನಾಗಿಯೇ ಸೇರಬೇಕು. ರಾಯಧನದ ಒಂದು ಭಾಗ ಮೊದಲ ದಿನದಿಂದಲೇ ಪರಿಹಾರ ನಿಧಿಗೆ ಹೋಗಬೇಕು, ಏಕೆಂದರೆ ದಿವಾಳಿಯಾದವರಿಂದ ಆಮೇಲೆ ವಸೂಲಿ ಮಾಡಲಾಗದು. 2001ರ ಸಸ್ಯ ತಳಿ ಮತ್ತು ರೈತರ ಹಕ್ಕುಗಳ ಕಾಯ್ದೆಯಲ್ಲಿ ನೋಂದಾಯಿತ ತಳಿ ಹೇಳಿದ ಫಲ ಕೊಡದಿದ್ದರೆ ಪರಿಹಾರ ಕೇಳುವ ಅವಕಾಶವಿದೆ. ಆದರೆ ಅದು ತಳಿ ರೂಪಿಸಿದವರ ತನಕ ಹೋಗಿ ನಿಲ್ಲುತ್ತದೆ. ಕುಲಾಂತರಿ ಜೀವಿಗಳಿಂದಾಗುವ ಹಾನಿಯ ಹೊಣೆ ಕುರಿತ ನಗೋಯಾ-ಕೌಲಾಲಂಪುರ ಒಪ್ಪಂದಕ್ಕೂ ಭಾರತ ಸಹಿ ಹಾಕಿದೆ. ಹೊರಗೆ ಒಪ್ಪಿದ ಮಾತಿಗೆ ಒಳಗೆ ಬಲವಾದ ಕಾನೂನು ಎಲ್ಲಿ ಎಂದು ಚುಕ್ಕೆ ಗುರುತಿನ ಪ್ರಶ್ನೆ ಕೇಳಿ.

ಇನ್ನೊಂದು ವಿನಂತಿ. ಪ್ರಯೋಗದ ಹೊಲಗಳ ಪಟ್ಟಿ ಮತ್ತು ಅಲ್ಲಿ ಸಿಕ್ಕ ಫಲಿತಾಂಶ ಆಯಾ ಗ್ರಾಮ ಪಂಚಾಯಿತಿಯಲ್ಲಿ ಕನ್ನಡದಲ್ಲಿ ಸಿಗುವಂತೆ ಮಾಡಿಸಿ. 1998ರಲ್ಲಿ ನಮ್ಮವರು ಕೇಳಿದ್ದೂ ಹೆಚ್ಚೂಕಡಿಮೆ ಇದನ್ನೇ.

ಮಸೂದೆಯ ಮೇಲೆ ನಿಮ್ಮ ನಿಲುವೇನು, ತಿದ್ದುಪಡಿ ಮಂಡಿಸುತ್ತೀರೋ ಇಲ್ಲವೋ ಎಂಬುದನ್ನು ಮುಂಗಾರು ಬಿತ್ತನೆಗೆ ಮೊದಲು ಜಿಲ್ಲೆಯ ರೈತರಿಗೆ ಬರಹದಲ್ಲಿ ತಿಳಿಸಬೇಕೆಂದು ಕೇಳಿಕೊಳ್ಳುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಮಾನ್ವಿ ತಾಲ್ಲೂಕಿನ ಒಬ್ಬ ಹತ್ತಿ ಬೆಳೆಗಾರ