ಅಪ್ಪನಿಗೆ 90 ಆಯ್ತು. ಅವರ ಉಸ್ತಾದರಿಗೂ ಒಂದು ನಮಸ್ಕಾರ

ಕಳೆದ ಭಾನುವಾರ ಅಪ್ಪನಿಗೆ 90 ತುಂಬಿತು. ಬಿಸಿಲಲ್ಲಿ ದೂರದಿಂದ ಬಂದ ಎಲ್ಲರಿಗೂ ನಮ್ಮ ಮನೆಯವರೆಲ್ಲರ ನಮಸ್ಕಾರ.

ಮೂರು ತಿಂಗಳ ಹಿಂದೆ ಬಚ್ಚಲಲ್ಲಿ ಜಾರಿ ಅಪ್ಪನ ಸೊಂಟದ ಮೂಳೆ ಮುರಿದಾಗ, ಈ ದಿನ ನೋಡ್ತೀವಿ ಅಂತ ನಮಗೆ ಧೈರ್ಯ ಇರಲಿಲ್ಲ. ರಕ್ತ ಕೊಟ್ಟ ಇಬ್ಬರು ಹುಡುಗರು, ದಿನಾ ಮನೆಗೇ ಬಂದು ಅಪ್ಪನನ್ನು ಮತ್ತೆ ನಡೆಸಿದ ಫಿಸಿಯೋಥೆರಪಿಯ ಹುಡುಗಿ, ಆಸ್ಪತ್ರೆಗೆ ರಾತ್ರಿ ಊಟದ ಡಬ್ಬಿ ಕಳಿಸಿದ ಪಕ್ಕದ ಮನೆಯವರು, ಇವರ ಋಣ ದೊಡ್ಡದು.

ಆಪರೇಷನ್ ಆದ ರಾತ್ರಿ ಅಪ್ಪ ಮಂಪರಿನಲ್ಲಿದ್ದರು. ಬೆರಳುಗಳು ಮಾತ್ರ ಹೊದಿಕೆಯ ಅಂಚು ಹಿಡಿದು ತಿರುಚುತ್ತಲೇ ಇದ್ದವು. ನರ್ಸ್ ಗಾಬರಿಯಾದರು. "ಏನಿಲ್ಲಮ್ಮ, ಲಾಕಿಂಗ್ ವೈರ್ ಹಾಕ್ತಿದ್ದಾರೆ" ಅಂದಳು ಅಮ್ಮ. ಎಂಜಿನ್ ಅದುರಿದರೂ ನಟ್ಟು ಸಡಿಲವಾಗದಂತೆ ತೆಳ್ಳನೆಯ ತಂತಿ ಹೆಣೆದು ಬಿಗಿಯುತ್ತಾರಲ್ಲ, ಅದು. ಅಪ್ಪ ವಾಯುಪಡೆಯಲ್ಲಿ ಎಂಜಿನ್ ಫಿಟ್ಟರ್ ಆಗಿದ್ದವರು.

ಭಾನುವಾರ ಶಾಲು ಹೊದಿಸಿದ ಮೇಲೆ ಅವರು ಕೂತಲ್ಲಿಂದಲೇ ಎರಡು ಮಾತಾಡಿದರು. ಹಿಂದೆ ಕೂತವರಿಗೆ ಕೇಳಿಸಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. "ಈ ಶಾಲು ನನ್ನ ಉಸ್ತಾದರಿಗೆ ಸೇರಬೇಕು, ಅವರಿಗೆ ಕಲಿಸಿದವರಿಗೆ ಸೇರಬೇಕು" ಅಂದರು. ಆಮೇಲೆ ಗಂಟಲು ಕಟ್ಟಿತು.

ಅಪ್ಪ 1953ರಲ್ಲಿ ಜಾಲಹಳ್ಳಿಗೆ ತರಬೇತಿಗೆ ಸೇರಿದಾಗ 18 ವರ್ಷ. ಅವರ ಉಸ್ತಾದ್ 1944ರಲ್ಲಿ ಇಂಫಾಲದಲ್ಲಿ ಇದ್ದವರು. ಅರ್ಜನ್ ಸಿಂಗ್ ಮುಂದಾಳಾಗಿದ್ದ 1ನೇ ಸ್ಕ್ವಾಡ್ರನ್, ಅಂದರೆ ವಾಯುಪಡೆಯ ತುಕಡಿ, ಹರಿಕೇನ್ ಯುದ್ಧವಿಮಾನಗಳು. ಜಪಾನಿ ಸೈನ್ಯ ಸುತ್ತಲೂ ಮುತ್ತಿಗೆ ಹಾಕಿ ರಸ್ತೆ ಕಡಿದಿತ್ತು. ಹರಿಕೇನಿನ ಹಿಂಭಾಗಕ್ಕೆ ಬಟ್ಟೆಯ ಹೊದಿಕೆ. ಗುಂಡು ತಾಗಿ ಹರಿದು ಬಂದರೆ ರಿಗ್ಗರ್‌ಗಳು, ಅಂದರೆ ವಿಮಾನದ ಮೈ ರಿಪೇರಿ ಮಾಡುವವರು, ಸೂಜಿ ದಾರ ಹಿಡಿದು ಹೊಲಿಯುತ್ತಿದ್ದರು, ತೇಪೆ ಹಚ್ಚಿ ಮೇಲೆ ಡೋಪ್ ಅನ್ನೋ ಬಟ್ಟೆ ಬಿಗಿಯಾಗಿಸುವ ವಾರ್ನಿಷ್ ಬಳಿಯುತ್ತಿದ್ದರು. ಮಳೆಗಾಲದ ತೇವಕ್ಕೆ ಆ ಡೋಪ್ ಸರಿಯಾಗಿ ಹಿಡಿಯುವುದೇ ಇಲ್ಲ. ಬೆಳಿಗ್ಗೆ ಅದೇ ವಿಮಾನ ಮತ್ತೆ ಏರಬೇಕು. ಈ ಕತೆ ಹೇಳುವಾಗ ಅಪ್ಪ ಈಗಲೂ ಹೆಬ್ಬೆರಳು ತೋರುಬೆರಳು ಸೇರಿಸಿ ಹೊಲಿಗೆ ಹಾಕಿ ತೋರಿಸುತ್ತಾರೆ.

ಅವರಿಗೂ ಹಿಂದಿನವರು ಹವಾಯಿ ಸಿಪಾಯಿಗಳು, ವಿಮಾನ ನೋಡಿಕೊಳ್ಳುತ್ತಿದ್ದ ವಾಯುಪಡೆಯ ಸಿಪಾಯಿಗಳು. 1933ರ ಏಪ್ರಿಲ್ 1ರಂದು ಕರಾಚಿಯ ಡ್ರಿಗ್ ರೋಡ್‌ನಲ್ಲಿ ನಮ್ಮ ವಾಯುಪಡೆ ಅಂತ ಇದ್ದದ್ದು ನಾಲ್ಕು ವಾಪಿಟಿ ವಿಮಾನ, ಆರು ಅಧಿಕಾರಿಗಳು, 19 ಸಿಪಾಯಿಗಳು. ಅಷ್ಟೇ. ನಾಲ್ಕು ವರ್ಷದ ಮೇಲೆ ಅವರನ್ನು ವಜೀರಿಸ್ತಾನದ ಮೀರಾನ್‌ಶಾಹ್‌ಗೆ ಕಳಿಸಿದರು. ಪೈಲಟ್ ಕೂರುವ ಜಾಗಕ್ಕೆ ಮೇಲೆ ಮುಚ್ಚಳವಿಲ್ಲ. ಕೆಳಗೆ ಬರೀ ಬೆಟ್ಟ. ಒಂದೇ ಎಂಜಿನ್, ಅದು ನಿಂತರೆ ಇಳಿಯಲು ಜಾಗ ಎಲ್ಲಿ? ಪೈಲಟ್ ನಂಬಿದ್ದು ಹಿಂದಿನ ರಾತ್ರಿ ಲಾಂದ್ರದ ಬೆಳಕಲ್ಲಿ ನಟ್ಟು ಬಿಗಿದವನ ಕೈಯನ್ನು. ನನಗೆ ಇದು ಯಾವ ಪದಕಕ್ಕಿಂತಲೂ ದೊಡ್ಡದು ಅನ್ನಿಸುತ್ತದೆ.

ಆ ಕಾಲದವರಲ್ಲಿ ಅಪ್ಪನಿಗೆ ಜಾಸ್ತಿ ಇಷ್ಟ ಹರ್ಜಿಂದರ್ ಸಿಂಗ್. ಲಾಹೋರಿನಲ್ಲಿ ಎಂಜಿನಿಯರಿಂಗ್ ಓದಿದ ಹುಡುಗ ಬರೀ ಸಿಪಾಯಿಯಾಗಿ ಸೇರಿದ. 1942ರಲ್ಲಿ ಬರ್ಮಾದಲ್ಲಿ ಮಜುಂದಾರ್ ಅವರ ಸ್ಕ್ವಾಡ್ರನ್‌ಗೆ ಸಿಕ್ಕಿದ್ದು ಲೈಸಾಂಡರ್, ವೈರಿ ಎಲ್ಲಿದ್ದಾನೆ ಅಂತ ನೋಡಿಕೊಂಡು ಬರುವ ನಿಧಾನದ ವಿಮಾನ. ಹರ್ಜಿಂದರ್ ಮತ್ತು ಅವರ ಜನ ಅದಕ್ಕೆ ಬಾಂಬು ಹೊರುವ ವ್ಯವಸ್ಥೆ ಮಾಡಿಕೊಟ್ಟರು. ಪೈಲಟ್‌ಗಳು ಅದರಲ್ಲೇ ಹೋಗಿ ಜಪಾನಿಯರ ವಿಮಾನ ನೆಲೆಯ ಮೇಲೆ ದಾಳಿ ಮಾಡಿ ಬಂದರು. ಆ ಸಿಪಾಯಿ ಮುಂದೆ ಏರ್ ವೈಸ್ ಮಾರ್ಷಲ್ ಆದರು.

ನಮ್ಮ ಬೆಂಗಳೂರಿನವರನ್ನೂ ನೆನೆಯಬೇಕು. ಯುದ್ಧ ಮುಗಿದ ಮೇಲೆ ಬ್ರಿಟಿಷರು ಕಾನ್ಪುರದಲ್ಲಿ ಲಿಬರೇಟರ್ ಬಾಂಬರ್‌ಗಳನ್ನು ಮತ್ತೆ ಹಾರದಂತೆ ಕೆಡಿಸಿ ಬಿಟ್ಟುಹೋಗಿದ್ದರು. ಹಾರುವಷ್ಟು ಮಾತ್ರ ರಿಪೇರಿ ಮಾಡಿ ಒಂದೊಂದಾಗಿ ಬೆಂಗಳೂರಿಗೆ ತಂದರು. ಎಚ್‌ಎಎಲ್ ಕಾರ್ಮಿಕರು ಸುಮಾರು 40 ವಿಮಾನಗಳಿಗೆ ಜೀವ ಕೊಟ್ಟರು. ಅಪ್ಪ ಪುಣೆಯಲ್ಲಿ ವರ್ಷಗಟ್ಟಲೆ ದುಡಿದದ್ದು ಅವುಗಳ ಮೇಲೆಯೇ. ನಾಲ್ಕು ಎಂಜಿನ್, ಒಂದೊಂದಕ್ಕೆ 14 ಸಿಲಿಂಡರ್, ಸಿಲಿಂಡರಿಗೆ ಎರಡು ಸ್ಪಾರ್ಕ್ ಪ್ಲಗ್. ಒಟ್ಟು 112 ಪ್ಲಗ್. ಬಿಚ್ಚಿ, ಉಜ್ಜಿ, ಗ್ಯಾಪ್ ನೋಡಿ, ಮತ್ತೆ ಕೂರಿಸಿ, ಕೊನೆಗೆ ಫಾರ್ಮ್ 700ರಲ್ಲಿ, ಅಂದರೆ ವಿಮಾನದ ರಿಪೇರಿ ದಾಖಲೆಯಲ್ಲಿ, ಸಹಿ. ಆ ಸಹಿ ನೋಡಿದ ಮೇಲೆಯೇ ಪೈಲಟ್ ತನ್ನ ಸಹಿ ಹಾಕಿ ಹತ್ತುತ್ತಿದ್ದ. ವಾಪಸ್ ಬರುವವರೆಗೂ ಅಪ್ಪನಿಗೆ ಟೀ ಇಳಿಯುತ್ತಿರಲಿಲ್ಲವಂತೆ.

ಭಾನುವಾರ ಬಂದ ಅಪ್ಪನ ಹಳೇ ಸಂಗಡಿಗರೇ, ಇಬ್ಬರು ಊರುಗೋಲು ಹಿಡಿದು ಮೆಟ್ಟಿಲು ಹತ್ತಿ ಬಂದಿರಿ. ನೀವು ಹೋದ ಮೇಲೆ ಅಪ್ಪ ಎಷ್ಟೋ ದಿನದ ಮೇಲೆ ಎರಡು ಚಪಾತಿ ಜಾಸ್ತಿ ತಿಂದರು. ನಿಮಗೆ ಹೇಗೆ ಧನ್ಯವಾದ ಹೇಳಲಿ?

ಇಷ್ಟನ್ನೂ ಅಪ್ಪನಿಗೆ ಓದಿ ಹೇಳಿದೆ. ಕಣ್ಣು ಮುಚ್ಚಿ ಕೇಳಿದರು. "112 ಅಂತ ಸರಿಯಾಗಿ ಬರೆದಿದ್ದೀಯಾ ಮಗಳೇ?" ಅಂದರು. ಬರೆದಿದ್ದೀನಿ ಅಂದೆ. ಕನ್ನಡಕ ತರಿಸಿಕೊಂಡು ತಾವೇ ಒಂದು ಸಲ ನೋಡಿದರು.