ಕಾಶಿ ವಿಮಾನದ ಟಿಕೆಟ್‌ನಲ್ಲಿ ನಿಮ್ಮ ಫೋನ್ ನಂಬರ್ ಇದೆಯಾ?

ಮಾನ್ಯ ಸಂಪಾದಕರೇ,

ಕಾರ್ತಿಕ ಬಂತೆಂದರೆ ಪತ್ರಿಕೆ ತುಂಬ ‘ವಿಮಾನದಲ್ಲಿ ಕಾಶಿ ಯಾತ್ರೆ’ ಜಾಹೀರಾತುಗಳು. ಬೆಂಗಳೂರಿನಿಂದ ರೈಲಿನಲ್ಲಿ ಹೆಚ್ಚುಕಮ್ಮಿ ಎರಡು ದಿನದ ದಾರಿ, ವಿಮಾನದಲ್ಲಿ ಎರಡೂವರೆ ಗಂಟೆಯ ಆಸುಪಾಸು. ಮಂಡಿನೋವಿನ ಹಿರಿಯರಿಗೆ ಇದಕ್ಕಿಂತ ಅನುಕೂಲ ಇನ್ನೇನು ಬೇಕು? ಆದರೆ ಊಟ, ಎಸಿ ರೂಮು, ಕನ್ನಡ ಬಲ್ಲ ಗೈಡ್ ಎಂದೆಲ್ಲ ಹೇಳುವ ಈ ಜಾಹೀರಾತುಗಳು ಟಿಕೆಟ್ ಯಾರ ಫೋನ್ ನಂಬರಿನಲ್ಲಿ ಬುಕ್ ಆಗುತ್ತದೆ ಎಂಬುದನ್ನು ಮಾತ್ರ ಹೇಳುವುದಿಲ್ಲ.

ಗುಂಪಿನ ಟಿಕೆಟ್ ಮಾಡಿಸುವಾಗ ಎಷ್ಟೋ ಏಜೆಂಟರು ಎಲ್ಲರ ಹೆಸರಿನ ಮುಂದೆ ತಮ್ಮದೇ ನಂಬರ್ ಹಾಕಿಬಿಡುತ್ತಾರೆ. ವಿಮಾನ ತಡವಾದರೂ ರದ್ದಾದರೂ ಸಂದೇಶ ಹೋಗುವುದು ಅಲ್ಲಿಗೇ. ಹೋದ ಚಳಿಗಾಲದಲ್ಲಿ ನಮ್ಮ ಬೀದಿಯ ಹಿರಿಯರ ಗುಂಪೊಂದಕ್ಕೆ ಹೀಗೇ ಆಯಿತು. ನಡುರಾತ್ರಿ ಹಾಸನ ಬಿಟ್ಟು ದೇವನಹಳ್ಳಿ ಸೇರಿದ ಮೇಲೆ, ಅಲ್ಲಿನ ಬೋರ್ಡ್ ನೋಡಿಯೇ ವಿಮಾನ ರದ್ದಾಗಿದ್ದು ಗೊತ್ತಾಗಿದ್ದು. ಸಂದೇಶ ಹಿಂದಿನ ಸಂಜೆಯೇ ಏಜೆಂಟರ ಫೋನಿಗೆ ಬಂದು ಕೂತಿತ್ತು!

ನಿಯಮವೂ ಇಲ್ಲಿ ನಮ್ಮ ಪರವಾಗಿಲ್ಲ. ವಿಮಾನ ರದ್ದಾದಾಗ ಬೇರೆ ವಿಮಾನ ಅಥವಾ ಹಣ ವಾಪಸ್ ಕೇಳುವ ಹಕ್ಕು ಪ್ರಯಾಣಿಕರಿಗೆ ಇದೆ. ಆದರೆ ಕಂಪನಿಯ ತಪ್ಪಿಗೆ ಕೊಡುವ ಹೆಚ್ಚುವರಿ ಪರಿಹಾರ, ಬುಕ್ಕಿಂಗ್ ವೇಳೆ ಸರಿಯಾದ ಸಂಪರ್ಕ ವಿವರ ಕೊಡದವರಿಗೆ ಸಿಗುವುದಿಲ್ಲ ಎಂದು ಡಿಜಿಸಿಎ (ವಿಮಾನಯಾನದ ಉಸ್ತುವಾರಿ ನೋಡುವ ಕೇಂದ್ರ ಸರ್ಕಾರದ ಸಂಸ್ಥೆ) ನಿಯಮದಲ್ಲೇ ಇದೆ. ನಂಬರ್ ಹಾಕಿದ್ದು ಏಜೆಂಟ್, ಕಳೆದುಕೊಳ್ಳುವುದು ಯಾತ್ರಿಕ. ಯಾವ ನ್ಯಾಯ ಇದು?

ಕಾಶಿಯ ಮಟ್ಟಿಗೆ ಇದು ಇನ್ನೂ ಮುಖ್ಯ. ಡಿಸೆಂಬರ್ ನಡುವಿನಿಂದ ಜನವರಿ ಕೊನೆಯವರೆಗೆ ಗಂಗಾ ಬಯಲಿನ ಮಂಜು ಸಾಮಾನ್ಯದ್ದಲ್ಲ. ನಮ್ಮ ಮಲೆನಾಡಿನ ಮಂಜಿನ ಹಾಗೆ ಬಿಸಿಲು ಬಂದ ತಕ್ಷಣ ಕರಗುವುದೂ ಇಲ್ಲ. ಕಾಶಿಯ ಬಾಬತ್ಪುರ, ಅಯೋಧ್ಯೆ, ಪ್ರಯಾಗರಾಜ್ ಎಲ್ಲ ನಿಲ್ದಾಣಗಳಿಗೂ ಒಂದೇ ಪಾಡು. ಮಂಜಿನಂಥ ಕಾರಣಕ್ಕೆ ಮೂರು ಗಂಟೆಗಿಂತ ಜಾಸ್ತಿ ತಡವಾಗುವಂತಿದ್ದರೆ ಕಂಪನಿಗಳು ವಿಮಾನವನ್ನು ಮುಂಚೆಯೇ ರದ್ದು ಮಾಡಬಹುದು ಎಂದು 2024ರ ಜನವರಿಯಲ್ಲಿ ಡಿಜಿಸಿಎ ಸೂಚನೆ ಕೊಟ್ಟಿತು. ಒಳ್ಳೆಯದೇ, ಆದರೆ ಮುಂಚೆ ತಿಳಿಸಿದ್ದು ನಮ್ಮ ಕಿವಿಗೆ ಬೀಳಬೇಕಲ್ವಾ?

ಹಾಗಾಗಿ ಮುಂಗಡ ಕಟ್ಟುವ ಮೊದಲೇ ಏಜೆನ್ಸಿಯವರನ್ನು ಕೇಳಿ. ಮನೆಯಲ್ಲಿ ಫೋನ್ ಚೆನ್ನಾಗಿ ನೋಡುವ ಮಗನದೋ ಸೊಸೆಯದೋ ನಂಬರ್ ಹಾಕಿಸಿ. ಪಿಎನ್‌ಆರ್ ಬರೆದಿಟ್ಟುಕೊಳ್ಳಿ. ವೀಲ್‌ಚೇರ್ ಬೇಕಿದ್ದರೆ ಬುಕ್ಕಿಂಗ್ ವೇಳೆಯೇ ಹೇಳಿಸಿ. ಚಳಿಗಾಲವಾದರೆ ಕಾಶಿಗೆ ಮಧ್ಯಾಹ್ನ ಇಳಿಯುವ ವಿಮಾನವೇ ವಾಸಿ, ಬೆಳಗಿನದು ಬೇಡ. ನಾಲ್ಕು ದಿನದಲ್ಲಿ ಕಾಶಿ, ಪ್ರಯಾಗ, ಅಯೋಧ್ಯೆ, ಗಯಾ ಎಲ್ಲ ಮುಗಿಸುತ್ತೇವೆ ಎನ್ನುವ ಪ್ಯಾಕೇಜ್‌ಗಳನ್ನು ನಾನಂತೂ ನಂಬುವುದಿಲ್ಲ. ಒಂದು ದಿನ ಮಂಜಿಗೆ ಹೋದರೆ ಮೊದಲು ಕತ್ತರಿ ಬೀಳುವುದು ಗಯಾಕ್ಕೆ. ಹೆತ್ತವರಿಗೆ ಪಿಂಡ ಇಡಬೇಕೆಂದೇ ಹೊರಟವರಿಗೆ ಅದು ಸಣ್ಣ ಮಾತಲ್ಲ.

ಯಾತ್ರಿಕರ ಸ್ವಂತ ನಂಬರ್ ಇಲ್ಲದೆ ಗುಂಪಿನ ಟಿಕೆಟ್ ಕೊಡಬಾರದು ಎಂದು ಡಿಜಿಸಿಎ ನಿಯಮ ತರಬೇಕು. ಅಲ್ಲಿಯವರೆಗೆ ನಮ್ಮ ಪ್ರವಾಸೋದ್ಯಮ ಇಲಾಖೆ ಏಜೆನ್ಸಿಗಳಿಗೆ ಒಂದು ಸುತ್ತೋಲೆಯನ್ನಾದರೂ ಕಳಿಸಲಿ. ಇಂಥ ಜಾಹೀರಾತು ಹಾಕುವ ಪತ್ರಿಕೆಗಳೂ ಪಕ್ಕದಲ್ಲಿ ಎರಡು ಸಾಲು ಎಚ್ಚರಿಕೆ ಹಾಕಿದರೆ ನಷ್ಟವೇನಿಲ್ಲ.

ಇನ್ನೊಂದು ಮಾತು, ಪೂಜೆ ಚೀಲದ ಬಗ್ಗೆ. ಕರ್ಪೂರ, ಬೆಂಕಿಪೊಟ್ಟಣ, ಒಣಕೊಬ್ಬರಿ ಇವನ್ನು ಕೈಚೀಲದಲ್ಲೂ ಬಿಡುವುದಿಲ್ಲ, ಚೆಕ್-ಇನ್ ಬ್ಯಾಗಿನಲ್ಲೂ ಬಿಡುವುದಿಲ್ಲ. 2024ರ ಅಕ್ಟೋಬರ್‌ನಲ್ಲಿ ತೆಂಗಿನಕಾಯಿಯನ್ನು ಕೈಚೀಲದಲ್ಲಿ ಒಯ್ಯಲು ಸಿಕ್ಕ ವಿನಾಯಿತಿ ಶಬರಿಮಲೆಯ ಇರುಮುಡಿಗೆ, ಅದೂ ಆ ಸೀಸನ್ನಿನ ಮಟ್ಟಿಗೆ. ಕಾಶಿಯವರು ಅದನ್ನು ನೆಚ್ಚಿಕೊಂಡು ಸೆಕ್ಯುರಿಟಿಯಲ್ಲಿ ಸುಮ್ನೆ ವಾದ ಮಾಡುವುದು ಬೇಡ. ಇವೆಲ್ಲ ಕಾಶಿಯಲ್ಲೇ, ಗೋದೌಲಿಯಾ ಪೇಟೆಯ ಅಂಗಡಿಗಳಲ್ಲಿ ಬೇಕಾದಷ್ಟು ಸಿಗುತ್ತವೆ.

– ಒಬ್ಬ ಓದುಗ, ಹಾಸನ