ತೋಟದ ಪಹಣಿ ಯಾರಿಗೂ ಕೊಡಬೇಡಿ, ಅಪ್ಪ

ತುಲೂಸ್, ಫ್ರಾನ್ಸ್
9 ಡಿಸೆಂಬರ್ 2018, ಭಾನುವಾರ

ಅಪ್ಪನಿಗೆ ನಮಸ್ಕಾರಗಳು. ಅಮ್ಮ, ಮಂಜಣ್ಣ, ಅತ್ತಿಗೆ, ಪುಟ್ಟಿ ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ನಾನು ಚೆನ್ನಾಗಿದ್ದೇನೆ.

ನೀವು ಕೈಯಲ್ಲಿ ಬರೆದು, ಪುಟ್ಟಿಯಿಂದ ಫೋಟೋ ತೆಗೆಸಿ ಕಳಿಸಿದ ಪತ್ರ ಗುರುವಾರ ತಲುಪಿತು. ಟಿವಿಯಲ್ಲಿ ಪ್ಯಾರಿಸ್ ಉರಿಯುವುದನ್ನು ನೋಡಿ ಅಮ್ಮ ಎರಡು ರಾತ್ರಿ ನಿದ್ದೆ ಮಾಡಿಲ್ಲ ಎಂದು ಬರೆದಿದ್ದೀರಿ. ಮೊದಲು ಅದಕ್ಕೆ ಉತ್ತರ ಹೇಳಿಬಿಡುತ್ತೇನೆ. ಪ್ಯಾರಿಸ್ ಇಲ್ಲಿಂದ ಸುಮಾರು 680 ಕಿಲೋಮೀಟರ್ ದೂರ. ತುಲೂಸಿನಲ್ಲಿಯೂ ನಿನ್ನೆ ಗಲಾಟೆಯಾಯಿತು, ಪೊಲೀಸರು ಅಶ್ರುವಾಯು ಸಿಡಿಸಿದರು, ಇದನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ. ಆದರೆ ದೊಡ್ಡ ಗಲಾಟೆಯೆಲ್ಲ ಶನಿವಾರವೇ ನಡೆಯುತ್ತದೆ, ಅದೂ ನಗರದ ನಡುಭಾಗದಲ್ಲಿ. ಬೇಕಾದ ಸಾಮಾನನ್ನು ಶುಕ್ರವಾರವೇ ತಂದಿಟ್ಟುಕೊಂಡು ನಿನ್ನೆ ಇಡೀ ದಿನ ಮನೆಯಲ್ಲೇ ಇದ್ದೆ. ಮೆರವಣಿಗೆಯ ಹತ್ತಿರ ಸುಳಿಯುವುದಿಲ್ಲ, ವೀಸಾದ ಮೇಲೆ ಬಂದವಳು ನಾನು, ನನಗೆ ಗೊತ್ತಿದೆ. ಅಮ್ಮನಿಗೆ ಇಷ್ಟನ್ನು ಎರಡು ಸಲ ಓದಿ ಹೇಳಿ.

ಟಿವಿಯವರು ಹಳದಿ ಅಂಗಿ ಎಂದು ತೋರಿಸುತ್ತಿರುವುದು ಅಂಗಿಯಲ್ಲ, ತೋಳಿಲ್ಲದ ಹೊಳೆಯುವ ಕೋಟು. ಊರಿನಲ್ಲಿ ರಸ್ತೆ ಕೆಲಸದವರು ಹಾಕಿಕೊಳ್ಳುತ್ತಾರಲ್ಲ, ಅಂಥದ್ದೇ. 2008ರಿಂದ ಇಲ್ಲಿ ಪ್ರತಿ ಕಾರಿನಲ್ಲಿಯೂ ಅದು ಇರಲೇಬೇಕು. ದಾರಿಯಲ್ಲಿ ಗಾಡಿ ಕೆಟ್ಟು ಇಳಿದರೆ ಹಾಕಿಕೊಳ್ಳಬೇಕು, ಇಲ್ಲದಿದ್ದರೆ ದಂಡ. ಹಾಗಾಗಿ ದೇಶದಲ್ಲಿ ಕಾರಿರುವ ಎಲ್ಲರ ಹತ್ತಿರವೂ ಈ ಕೋಟು ಮೊದಲೇ ಇತ್ತು. ನವೆಂಬರ್ 17ರಂದು ಸುಮಾರು 2.8 ಲಕ್ಷ ಜನ ಅದನ್ನೇ ತೊಟ್ಟು ರಸ್ತೆಗೆ ಇಳಿದರು. ಪಕ್ಷವಿಲ್ಲ, ಸಂಘವಿಲ್ಲ, ಬಾವುಟವೂ ಹೊಲಿಸಬೇಕಾಗಲಿಲ್ಲ. ಬೀದಿಗೆ ಬರಲಾಗದವರು ಕೋಟನ್ನು ಕಾರಿನ ಮುಂದಿನ ಗಾಜಿನ ಕೆಳಗೆ ಮಡಿಸಿಡುತ್ತಾರೆ, ನಾವೂ ನಿಮ್ಮ ಕಡೆಗಿದ್ದೇವೆ ಎಂದು ಅದರ ಅರ್ಥ. ನಮ್ಮ ಕಚೇರಿಯ ವಾಹನ ನಿಲ್ದಾಣದಲ್ಲಿ ಮೊನ್ನೆ ಎಣಿಸಿದೆ, ಒಂದೇ ಸಾಲಿನಲ್ಲಿ ಹನ್ನೊಂದು ಕಾರುಗಳಲ್ಲಿತ್ತು. ಇಷ್ಟು ಅಚ್ಚುಕಟ್ಟಾಗಿ ಸಿಟ್ಟು ತೋರಿಸುವ ಜನರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಆ ಸಿಟ್ಟಿಗೆ ಕಾರಣವಿದೆ ಅಪ್ಪ. ಅಕ್ಟೋಬರ್‌ನಲ್ಲಿ ಇಲ್ಲಿ ಡೀಸೆಲ್ ಲೀಟರಿಗೆ ಒಂದೂವರೆ ಯೂರೋ ದಾಟಿತು, ನಮ್ಮ ಲೆಕ್ಕದಲ್ಲಿ 120 ರೂಪಾಯಿಗೂ ಮೇಲೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ತೆರಿಗೆ. ಈ ವರ್ಷದ ಜನವರಿಯಲ್ಲಿ ಡೀಸೆಲ್ ಮೇಲೆ 7.6 ಸೆಂಟ್ ತೆರಿಗೆ ಏರಿಸಿದ್ದರು. ಬರುವ ಜನವರಿ 1ರಿಂದ ಮತ್ತೆ 6.5 ಸೆಂಟ್ ಏರಿಸುವುದೆಂದು ಬರೆದಿಟ್ಟಿದ್ದರು. ಪರಿಸರ ಉಳಿಸಲು ಎಂದು ಸರ್ಕಾರ ಹೇಳುತ್ತದೆ. ಪರಿಸರ ಉಳಿಯಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ವರ್ಷಗಟ್ಟಲೆ ಡೀಸೆಲ್ ಕಾರನ್ನೇ ಕೊಳ್ಳಿರೆಂದು ಹುರಿದುಂಬಿಸಿದ್ದೂ ಇಲ್ಲಿಯ ಸರ್ಕಾರಗಳೇ. ಸಿರಿವಂತರ ಸಂಪತ್ತಿನ ಮೇಲಿದ್ದ ಹಳೆಯ ತೆರಿಗೆಯನ್ನು ಈ ವರ್ಷವೇ ತೆಗೆದು, ಮನೆ ಜಮೀನಿಗೆ ಮಾತ್ರ ಉಳಿಸಿದವರೂ ಇವರೇ. ಜನಕ್ಕೆ ಉರಿದದ್ದು ಅಲ್ಲಿ. ನನಗೆ ಮನೆಯ ಹತ್ತಿರ ಮೆಟ್ರೋ ಇದೆ, ಡೀಸೆಲ್ ಎಷ್ಟಾದರೂ ನನ್ನ ಸಂಬಳ ಕರಗುವುದಿಲ್ಲ. ಬಸ್ಸೇ ಬಾರದ ಹಳ್ಳಿಯಿಂದ ದುಡಿಯಲು ಬರುವವರ ಪಾಡು ಹಾಗಲ್ಲ.

ನನ್ನ ಮನೆಯೊಡತಿ ಅಜ್ಜಿಗೆ ಎಂಬತ್ತೆರಡು ವರ್ಷ. ಅವರಿಗೆ ಸ್ನಾನ ಮಾಡಿಸಿ, ಮಾತ್ರೆ ಕೊಟ್ಟು ಹೋಗಲು ಒಬ್ಬ ಹೆಂಗಸು ಬರುತ್ತಾರೆ. ಮೂವತ್ತೈದು ಕಿಲೋಮೀಟರ್ ಆಚೆಯ ಹಳ್ಳಿಯವರು. ಬೆಳಿಗ್ಗೆ ಏಳಕ್ಕೆ ಇಲ್ಲಿ, ಒಂಬತ್ತಕ್ಕೆ ಇನ್ನೊಂದು ಮನೆ, ಹೀಗೆ ದಿನಕ್ಕೆ ಐದಾರು ಮುದುಕರು. ಕಳೆದ ಮಂಗಳವಾರ ಅವರ ಕೋಟಿನಿಂದ ಸೌದೆಯ ಹೊಗೆಯ ವಾಸನೆ ಬರುತ್ತಿತ್ತು. ರಾತ್ರಿಯೆಲ್ಲ ಊರಿನ ಹೊರಗಿನ ವೃತ್ತದಲ್ಲಿ ಬೆಂಕಿ ಹಾಕಿಕೊಂಡು ಕುಳಿತಿದ್ದರಂತೆ. ಲಾರಿಗಳನ್ನು ತಡೆಯುತ್ತಾರೆ, ಕಾರುಗಳನ್ನು ಒಂದೊಂದಾಗಿ ಬಿಡುತ್ತಾರೆ, ಆಂಬುಲೆನ್ಸ್ ಬಂದರೆ ಓಡಿಹೋಗಿ ದಾರಿ ತೆರವು ಮಾಡುತ್ತಾರೆ. ಅಲ್ಲಿಂದ ನೇರವಾಗಿ ಅಜ್ಜಿಗೆ ಸ್ನಾನ ಮಾಡಿಸಲು ಬಂದಿದ್ದರು. ಅಡುಗೆಮನೆಯಲ್ಲಿ ನನಗೊಂದು ಚಿಕ್ಕ ನೋಟ್‌ಬುಕ್ ತೋರಿಸಿದರು. ಎಡಗಡೆ ಓಡಿಸಿದ ಕಿಲೋಮೀಟರ್, ಬಲಗಡೆ ಹಾಕಿಸಿದ ಡೀಸೆಲ್. ಪ್ರತಿ ತಿಂಗಳೂ ಇಪ್ಪತ್ತನೆಯ ತಾರೀಖಿನ ಹತ್ತಿರ ಒಂದು ಕೆಂಪು ಗೆರೆ, ಕೈಯಲ್ಲಿದ್ದ ಹಣ ಮುಗಿದ ದಿನ ಅದು. ಇಲ್ಲಿ ಎಲ್ಲರ ಬಾಯಲ್ಲಿ ಓಡಾಡುವ ಒಂದು ಮಾತಿದೆ: ದೊಡ್ಡವರಿಗೆ ಜಗತ್ತಿನ ಕೊನೆಯ ಚಿಂತೆ, ನಮಗೆ ತಿಂಗಳ ಕೊನೆಯ ಚಿಂತೆ. ಆಕೆಯೂ ಅದನ್ನೇ ಹೇಳಿದರು.

ಆ ಕೆಂಪು ಗೆರೆ ನೋಡಿದಾಗ ನನಗೆ ಬಾಡಿಗೆಗೆ ಗಾಡಿ ಓಡಿಸುವ ನಮ್ಮ ಮಂಜಣ್ಣನ ನೆನಪಾಯಿತು. ಎರಡು ದಿನ ಕಳೆದು ನಿಮ್ಮ ಪತ್ರ ಬಂತು.

ಹಿಂಬದಿಯ ಕೊನೆಯ ಎರಡು ಸಾಲು ಫೋಟೋದಲ್ಲಿ ಮಸುಕಾಗಿತ್ತು. ದೊಡ್ಡದು ಮಾಡಿ ಮಾಡಿ ಓದಿದೆ. ‘ಗಾಡಿಯ ಕಂತು ಮೂರು ತಿಂಗಳಿಂದ ನಿಂತಿದೆ. ಸೋಮವಾರ ತೋಟದ ಪಹಣಿ ತೆಗೆಸಿಕೊಂಡು ಬ್ಯಾಂಕಿಗೆ ಹೋಗಿ ಬರುತ್ತೇನೆ.’ ಇಷ್ಟು ದೊಡ್ಡ ವಿಷಯವನ್ನು ಹಿಂಬದಿಯಲ್ಲಿ ಬರೆಯುವುದೇ ಅಪ್ಪ? ಮೂರು ತಿಂಗಳಿಂದ ಪ್ರತಿ ಭಾನುವಾರ ಫೋನಿನಲ್ಲಿ ಮಾತನಾಡಿದ್ದೇವೆ, ಗಾಡಿ ಚೆನ್ನಾಗಿ ಓಡುತ್ತಿದೆ ಎಂದೇ ಹೇಳುತ್ತಿದ್ದಿರಿ.

ಮಂಜಣ್ಣನನ್ನು ಬಯ್ಯಬೇಡಿ. ಅವನ ದುಡಿಮೆಯಲ್ಲಿ ತಪ್ಪಿಲ್ಲ. ಜುಲೈ ಬಜೆಟ್ಟಿನಲ್ಲಿ ಕುಮಾರಸ್ವಾಮಿಯವರು ಡೀಸೆಲ್ ತೆರಿಗೆಯನ್ನು ಶೇಕಡ 19ರಿಂದ 21ಕ್ಕೆ ಏರಿಸಿದರು. ಮೇಲೆ ಕಚ್ಚಾ ತೈಲವೂ ಏರಿತು. ಸೆಪ್ಟೆಂಬರ್ 10ರ ಬಂದ್ ಆದ ಮೇಲೆ ರಾಜ್ಯ ಎರಡು ರೂಪಾಯಿ ಇಳಿಸಿತು, ಅಕ್ಟೋಬರ್‌ನಲ್ಲಿ ದೆಹಲಿಯವರು ಎರಡೂವರೆ ಇಳಿಸಿದರು, ಅಷ್ಟರಲ್ಲಿ ಅವನ ಕೈ ಸುಟ್ಟಾಗಿತ್ತು. ಡೀಸೆಲ್ ದರ ದಿನವೂ ಬದಲಾಗುತ್ತದೆ, ಮಂಡಿಯವರು ಕೊಡುವ ಬಾಡಿಗೆ ವರ್ಷವಾದರೂ ಬದಲಾಗುವುದಿಲ್ಲ. ತಿಪಟೂರಿಗೆ ಕಾಯಿ ಹೊಡೆದು ಬರಿಗಾಡಿಯಲ್ಲಿ ಹಿಂದಿರುಗುವವನು ಉಳಿಸುವುದಾದರೂ ಎಲ್ಲಿಂದ?

ಆದರೆ ಇದಕ್ಕೆ ತೋಟ ಅಡವಿಡಬೇಡಿ. ಗಾಡಿಯ ಸಾಲವನ್ನು ಗಾಡಿಯೇ ಹೊರಲಿ. ಗಾಡಿ ವರ್ಷ ವರ್ಷಕ್ಕೂ ಬೆಲೆ ಕಳೆದುಕೊಳ್ಳುವ ವಸ್ತು, ಅದಕ್ಕಾಗಿ ಅಜ್ಜ ನೆಟ್ಟ ಮರಗಳನ್ನು ಬ್ಯಾಂಕಿನ ಕಾಗದದಲ್ಲಿ ಬರೆದುಕೊಡುವುದು ಬೇಡ. ಅಕ್ಟೋಬರ್ ಮೊದಲಲ್ಲಿ ಬ್ಯಾರಲ್‌ಗೆ 86 ಡಾಲರ್ ಮುಟ್ಟಿದ್ದ ತೈಲ ಈಗ 60ರ ಆಸುಪಾಸಿಗೆ ಬಂದಿದೆ. ಊರಿನ ಬಂಕಿನಲ್ಲಿಯೂ ದರ ಇಳಿಯುತ್ತಿದೆ, ಮಂಜಣ್ಣನನ್ನೇ ಕೇಳಿ. ಇನ್ನು ಕೆಲವು ತಿಂಗಳು ದಾಟಿದರೆ ಅವನು ಉಸಿರಾಡುತ್ತಾನೆ.

ಕಂತು ತಿಂಗಳಿಗೆ 14,000, ಮೂರಕ್ಕೆ 42,000. ದಂಡ ಬಡ್ಡಿಯೂ ಸೇರಿ 48,000 ರೂಪಾಯಿ ನಿನ್ನೆ ಕಳಿಸಿದ್ದೇನೆ. ಮಂಗಳವಾರ ಇಲ್ಲವೇ ಬುಧವಾರ ನಿಮ್ಮ ಖಾತೆಗೆ ಬರುತ್ತದೆ. ಫೈನಾನ್ಸಿನವರಿಂದ ರಸೀದಿ ಪಡೆಯದೆ ಹಣ ಕೊಡಬೇಡಿ. ಮನೆಗೆ ಬಂದು ಕೂಗಾಡಿದರೆ ನೀವು ಮಾತನಾಡಬೇಡಿ, ಬಿಪಿ ಇದೆ, ಅತ್ತಿಗೆ ಮಾತನಾಡಲಿ.

ಮಗಳ ದುಡ್ಡು ಮುಟ್ಟುವುದಿಲ್ಲ, ಅದು ಅವಳ ಮದುವೆಗೆ ಎನ್ನುತ್ತೀರಿ, ಗೊತ್ತು. ನನ್ನ ಮೂರನೆಯ ವರ್ಷದ ಹಾಸ್ಟೆಲ್ ಶುಲ್ಕಕ್ಕೆ ಮಂಜಣ್ಣ ಬೈಕ್ ಮಾರಿ ಆರು ತಿಂಗಳು ಸೈಕಲ್ ತುಳಿದ. ಆಗ ನೀವು ತಂಗಿಯ ಓದಿಗೆ ಅಣ್ಣನ ದುಡ್ಡು ಬೇಡ ಎನ್ನಲಿಲ್ಲ. ಮದುವೆಯ ಮಾತು ನಾನು ಊರಿಗೆ ಬಂದಾಗ ಆಡೋಣ, ಹುಡುಗನ ಮನೆಯವರಿಗೆ ಏಪ್ರಿಲ್ ಎಂದು ಹೇಳಿಬಿಡಿ. ನನಗೆ ಇಲ್ಲಿ ಯಾವ ಕೊರತೆಯೂ ಇಲ್ಲ. ಹೊತ್ತು ಹೊತ್ತಿಗೆ ಊಟ ಮಾಡುತ್ತೇನೆ, ಬೆಚ್ಚನೆಯ ಕೋಟಿದೆ, ಕೆಲಸ ಗಟ್ಟಿಯಾಗಿದೆ, ಈ ಹಣ ಕಳಿಸಿದ್ದರಿಂದ ನನಗೇನೂ ಕಡಿಮೆಯಾಗಿಲ್ಲ.

ಗಲಾಟೆಯೂ ತಣ್ಣಗಾಗುತ್ತದೆ. 4ರಂದು ಇಲ್ಲಿಯ ಪ್ರಧಾನಿ ಫಿಲಿಪ್ ಡೀಸೆಲ್ ತೆರಿಗೆಯ ಏರಿಕೆಯನ್ನು ಆರು ತಿಂಗಳು ಮುಂದೂಡುತ್ತೇವೆ ಎಂದರು, ಜನ ಒಪ್ಪಲಿಲ್ಲ. ಮರುದಿನ 2019ಕ್ಕೆ ಏರಿಕೆಯೇ ಇಲ್ಲ ಎಂದಾಯಿತು. ನಾಳೆ ಸಂಜೆ ಅಧ್ಯಕ್ಷ ಮಾಕ್ರೋನ್ ಟಿವಿಯಲ್ಲಿ ಮಾತನಾಡುತ್ತಾರಂತೆ. ಕೆಳಗಿನ ಅಜ್ಜಿ ನನ್ನನ್ನೂ ನೋಡಲು ಕರೆದಿದ್ದಾರೆ.

ಈ ಪತ್ರ ಓದಿದ ಕೂಡಲೇ ಪುಟ್ಟಿಯ ಕೈಯಲ್ಲಿ ಒಂದು ಸಂದೇಶ ಕಳಿಸಿ, ಪಹಣಿ ಬೀರುವಿನಲ್ಲೇ ಇದೆ ಎಂದು. ಅದು ಬರುವವರೆಗೆ ನನಗೆ ಕೆಲಸದಲ್ಲಿ ಮನಸ್ಸು ನಿಲ್ಲುವುದಿಲ್ಲ. ಮಾತ್ರೆ ತಪ್ಪಿಸಬೇಡಿ. ಅಜ್ಜಿ ಕೆಳಗಿನಿಂದ ಕೂಗುತ್ತಿದ್ದಾರೆ, ಉಳಿದದ್ದು ಫೋನಿನಲ್ಲಿ.

ನಿಮ್ಮ ಮಗಳು,
ಸುಮಾ